ಬ್ಯಾಸ್ಕೆಟ್‌ಬಾಲ್ ತರಬೇತುದಾರನೂ ಎಳೆಯರ ಬದುಕೂ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಹಾಗೂ ಯುವಜನರ ಕೂಟದಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಚೆಂಡಾಟದ ಮಾತನಾಡುವುದು ಸಮಂಜಸವೇ ಎಂಬ ಶಂಕೆ ನಿಮ್ಮಲ್ಲಿ ಕೆಲವರಿಗೆ ಮೂಡಿರಬಹುದು. ನಮಗೂ ಮೊದಲು ಮೂಡಿತ್ತು. ಆದರೆ ದೇವಾಲಯದ ಪಕ್ಕದಲ್ಲಿ ಶಾಲೆ, ಶಾಲೆಯ ಹಿಂದೆ ಆಟದ ಬಯಲು, ಬಯಲಿನ ಎರಡು ತುದಿಗಳಲ್ಲಿ ಕಂಬಕ್ಕೆ ಬಿಗಿದ ಕಬ್ಬಿಣದ ಬಳೆಗಳು, ಇದು ನಮ್ಮಲ್ಲಿ ಅನೇಕರ ಬಾಲ್ಯದ ಚಿತ್ರವಲ್ಲವೇ? ತರಗತಿಯಲ್ಲಿ ಕಲಿತುದರಲ್ಲಿ ಬಹುಪಾಲನ್ನು ನಾವು ಮರೆತಿದ್ದೇವೆ. ಆ ಬಯಲಿನಲ್ಲಿ ಕೇಳಿದ ಮಾತುಗಳನ್ನು ಮಾತ್ರ ಮರೆತಿಲ್ಲ.

ನಮ್ಮ ಓರಗೆಯ ಒಬ್ಬ ಹುಡುಗನಿದ್ದ. ಮೈ ತುಸು ಭಾರ, ಓಟ ನಿಧಾನ, ಆದರೆ ಆಟದ ಮೇಲೆ ಬಲು ಆಸೆ. ಒಂದು ಸಂಜೆ ಆಟದ ನಡುವೆ ನಮ್ಮ ಡ್ರಿಲ್ ಮಾಸ್ತರರು, "ಏ ಎಮ್ಮೆ, ಅಲ್ಲೇನು ಮೇಯುತ್ತಾ ನಿಂತೆ?" ಎಂದು ಕೂಗಿದರು. ಅವರು ಕೆಟ್ಟವರಲ್ಲ, ಆ ಕ್ಷಣದ ಬೇಸರದಿಂದ ಆಡಿದ ಮಾತದು. ನಾವೆಲ್ಲ ಗೊಳ್ಳೆಂದು ನಕ್ಕೆವು. ಮರುದಿನದಿಂದ ಆ ಹುಡುಗ ಬಯಲಿಗೆ ಬರಲಿಲ್ಲ, ಆ ಹೆಸರು ಮಾತ್ರ ಅವನನ್ನು ಬಿಡಲಿಲ್ಲ. ತರಬೇತುದಾರನೊಬ್ಬನ ವರ್ತನೆಯ ಧಾಟಿ ಎಲ್ಲಿಂದ ಬರುತ್ತದೆ, ಅದು ಎಳೆಯರ ಮನಸ್ಸಿನಲ್ಲಿ ಏನನ್ನು ಬಿತ್ತುತ್ತದೆ ಎಂಬುದನ್ನು ವಿಚಾರಮಾಡಲು ನಮ್ಮನ್ನು ಪ್ರೇರಿಸಿದ್ದು ಈ ನೆನಪೇ. ಬ್ಯಾಸ್ಕೆಟ್‌ಬಾಲಿನ ತವರಾದ ಅಮೆರಿಕದಲ್ಲಿ ಈ ವಿಷಯಕ್ಕೆ ಒಳ್ಳೆಯ ನಿದರ್ಶನಗಳು ದೊರೆಯುವುದರಿಂದ ನಿಮ್ಮನ್ನು ಕೊಂಚ ಹೊತ್ತು ಅಲ್ಲಿಗೆ ಕರೆದೊಯ್ಯುತ್ತೇವೆ.

ಈ ಆಟ ಹುಟ್ಟಿದ್ದೇ ಒಬ್ಬ ಶಿಕ್ಷಕನ ಇಕ್ಕಟ್ಟಿನಿಂದ. 1891ರ ಡಿಸೆಂಬರ್ ತಿಂಗಳು. ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆ. ಹೊರಗೆ ಚಳಿಗಾಲ, ಒಳಗೆ ಯಾರ ಮಾತನ್ನೂ ಕೇಳದ ಹದಿನೆಂಟು ಮಂದಿ ತರುಣರ ತರಗತಿ. ಇವರನ್ನು ಪಳಗಿಸಲಾಗದೆ ಇಬ್ಬರು ಶಿಕ್ಷಕರು ಆಗಲೇ ಕೈಚೆಲ್ಲಿದ್ದರು. ಆ ತರಗತಿ ಜೇಮ್ಸ್ ನೈಸ್ಮಿತ್ ಎಂಬ ತರುಣ ಶಿಕ್ಷಕರ ಪಾಲಿಗೆ ಬಂತು. ಅವರು ಬೆತ್ತ ಹಿಡಿಯಲಿಲ್ಲ. ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತೂಗುಹಾಕಿಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಚೆಂಡನ್ನು ಹಿಡಿದು ಓಡಕೂಡದು, ಎದುರಾಳಿಯನ್ನು ತಳ್ಳಕೂಡದು, ಹೊಡೆಯಕೂಡದು ಎಂಬುವು ಅವುಗಳಲ್ಲಿ ಮುಖ್ಯವಾದವು. ಅಂದರೆ ಒರಟು ಹುಡುಗರಿಗೆ ಸಂಯಮವನ್ನು ಆಟದ ರೂಪದಲ್ಲಿ ಕಲಿಸುವುದೇ ಇದರ ಮೂಲೋದ್ದೇಶವಾಗಿತ್ತು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ವಿದ್ಯಾಲಯವನ್ನು ಆರಂಭಿಸಿದರು. ದಕ್ಷಿಣ ಭಾರತದ ಅನೇಕ ಶಾಲೆಗಳ ದೈಹಿಕ ಶಿಕ್ಷಕರು ತರಬೇತಿ ಪಡೆದುದು ಅಲ್ಲಿಯೇ.

ಇನ್ನು ಮೊದಲ ಪ್ರಶ್ನೆ. ತರಬೇತುದಾರನ ಧಾಟಿ ಹೇಗೆ ರೂಪುಗೊಳ್ಳುತ್ತದೆ? ನಮಗೆ ಕಂಡಂತೆ ಅದಕ್ಕೆ ಮೂರು ಮೂಲಗಳು: ತನ್ನ ಗುರುವಿನಿಂದ ಬಂದುದು, ತನ್ನ ಸೋಲುಗಳಿಂದ ಕಲಿತುದು, ತಾನು ನಂಬಿ ನಡೆಯುವುದು.

ಮೊದಲನೆಯದು ಗುರುಪರಂಪರೆ. ನೈಸ್ಮಿತ್ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಫಾರೆಸ್ಟ್ ಅಲೆನ್ ಎಂಬ ತರುಣ ಅವರ ತಂಡದಲ್ಲಿ ಆಡಿದ. ತಾನೂ ತರಬೇತುದಾರನಾಗುವೆನೆಂದು ಆತ ಹೇಳಿದಾಗ, ಈ ಆಟವನ್ನು ಆಡಬಹುದೇ ಹೊರತು ಕಲಿಸಲಾಗದು ಎಂದು ನೈಸ್ಮಿತ್ ನಕ್ಕರೆಂದು ಪ್ರತೀತಿ. ಅಲೆನ್ ಗುರುವಿನ ಆ ಒಂದು ಮಾತನ್ನು ಒಪ್ಪಲಿಲ್ಲ, ಕಲಿಸಿಯೇ ತೋರಿಸಿದರು. ಅವರ ಕೈಕೆಳಗೆ ಆಡಿದ ಡೀನ್ ಸ್ಮಿತ್ ಎಂಬವರು 1961ರಿಂದ 1997ರವರೆಗೆ ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾಲಯದ ತಂಡವನ್ನು ನಡೆಸಿ 879 ಪಂದ್ಯಗಳನ್ನು ಗೆದ್ದರು. ಸ್ಮಿತ್‌ರ ತಂಡದಲ್ಲಿ ಒಂದು ಕಟ್ಟಳೆಯಿತ್ತು. ಬುಟ್ಟಿಗೆ ಚೆಂಡು ಹಾಕಿದವನು ಮೆರೆಯಕೂಡದು. ತನಗೆ ಚೆಂಡು ನೀಡಿದ ಸಂಗಡಿಗನತ್ತ ಕೈಬೆರಳು ತೋರಿಸಿ ಕೃತಜ್ಞತೆ ಸಲ್ಲಿಸಬೇಕು. ಜನ ಚಪ್ಪಾಳೆ ತಟ್ಟುವುದು ಅಂಕ ಗಳಿಸಿದವನಿಗೆ. ಆ ಚಪ್ಪಾಳೆಯಲ್ಲಿ ಅರ್ಧ ಪಾಲು ಮತ್ತೊಬ್ಬನದೆಂಬುದನ್ನು ಹುಡುಗರು ದಿನವೂ ಕೈಯೆತ್ತಿ ಒಪ್ಪಿಕೊಳ್ಳುತ್ತಿದ್ದರು. ಇದಕ್ಕಿಂತ ಮಿಗಿಲಾದ ಪಾಠ ಯಾವ ಪುಸ್ತಕದಲ್ಲಿದೆ?

ಪರಂಪರೆಯಿಂದ ಬಂದುದೆಲ್ಲವೂ ಗ್ರಾಹ್ಯವೆಂದು ಮಾತ್ರ ಭಾವಿಸಬಾರದು. ಬಾಬ್ ನೈಟ್ ಎಂಬ ಪ್ರಖ್ಯಾತ ತರಬೇತುದಾರರಿದ್ದರು. 1976ರಲ್ಲಿ ಅವರ ಇಂಡಿಯಾನಾ ತಂಡ ಇಡೀ ವರ್ಷ ಒಂದು ಪಂದ್ಯವನ್ನೂ ಸೋಲದೆ ರಾಷ್ಟ್ರಪ್ರಶಸ್ತಿ ಗಳಿಸಿತು. ತಮ್ಮ ಆಟಗಾರರು ಓದು ಮುಗಿಸಿ ಪದವಿ ಪಡೆಯಲೇಬೇಕೆಂಬ ಹಟ ಅವರದು. ಆದರೆ ಅವರ ಸಿಟ್ಟಿಗೆ ಕಡಿವಾಣವಿರಲಿಲ್ಲ. 1985ರಲ್ಲಿ ಪಂದ್ಯದ ನಡುವೆ ಕುರ್ಚಿಯನ್ನೇ ಅಂಕಣಕ್ಕೆ ಎಸೆದರು. ಅಭ್ಯಾಸದ ವೇಳೆ ಆಟಗಾರನೊಬ್ಬನ ಕೊರಳಿಗೆ ಕೈಹಾಕಿದ ದೃಶ್ಯ 2000ದಲ್ಲಿ ಬಹಿರಂಗವಾಯಿತು, ಅದೇ ವರ್ಷ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಇವರ ಕೈಕೆಳಗೆ ಸೈನಿಕ ವಿದ್ಯಾಲಯದಲ್ಲಿ ಆಡಿದವರು ಮೈಕ್ ಷಷೆವ್‌ಸ್ಕಿ, ಷಿಕಾಗೋ ನಗರದ ಪೋಲಿಷ್ ಕಥೋಲಿಕ ಕುಟುಂಬದ ಮಗ. ಗುರುವಿನಿಂದ ಶಿಸ್ತನ್ನೂ ರಕ್ಷಣೆಯ ಆಟದ ಮರ್ಮವನ್ನೂ ಅವರು ಪಡೆದರು. ಆದರೆ ತಮ್ಮ ತಂಡವನ್ನು ಬೇರೊಂದು ರೀತಿಯಲ್ಲಿ ಕಟ್ಟಿದರು. ಐದು ಬೆರಳುಗಳು ಬಿಡಿಬಿಡಿಯಾಗಿದ್ದರೆ ದುರ್ಬಲ, ಕೂಡಿದರೆ ಮುಷ್ಟಿ ಎಂದು ಹೇಳಿ, ಪರಸ್ಪರ ಮಾತುಕತೆ, ನಂಬಿಕೆ, ಸಾಮೂಹಿಕ ಹೊಣೆ, ಕಾಳಜಿ, ಅಭಿಮಾನ ಎಂದು ಆ ಐದು ಬೆರಳುಗಳಿಗೆ ಹೆಸರಿಟ್ಟರು. ಗುರುವಿನ ಋಣವನ್ನು ತೀರಿಸುವುದೆಂದರೆ ಅವನ ಪಡಿಯಚ್ಚಾಗುವುದಲ್ಲ. ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸಿ ಕಾಳನ್ನು ಮುಂದಿನವರಿಗೆ ದಾಟಿಸುವುದು.

ಎರಡನೆಯ ಮೂಲ ಸೋಲು. ಈ ಷಷೆವ್‌ಸ್ಕಿಯವರೇ 1980ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದರು. ಮೊದಲ ಮೂರು ವರ್ಷಗಳಲ್ಲಿ 38 ಗೆಲುವು, 47 ಸೋಲು. ಅವರನ್ನು ಕಿತ್ತುಹಾಕಬೇಕೆಂಬ ಕೂಗೆದ್ದಿತು. ಆಡಳಿತದ ಹಿರಿಯರು ತಾಳ್ಮೆಯಿಂದ ಅವರನ್ನು ಉಳಿಸಿಕೊಂಡರು. 2022ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರ ತಂಡಕ್ಕೆ ಐದು ರಾಷ್ಟ್ರಪ್ರಶಸ್ತಿಗಳು ಬಂದಿದ್ದವು. ಒಂದು ವರ್ಷ ಪಂದ್ಯ ಸೋತರೆ ಶಿಕ್ಷಕರನ್ನು ಬದಲಿಸಿರೆಂದು ಅರ್ಜಿ ಹಿಡಿದು ಹೊರಡುವ ಪಾಲಕರು ಇದನ್ನು ಕೊಂಚ ಮನಸ್ಸಿಗೆ ತಂದುಕೊಳ್ಳಬೇಕು.

ಈ ಮೂರು ಮೂಲಗಳೂ ಒಬ್ಬನೇ ವ್ಯಕ್ತಿಯಲ್ಲಿ ಹದವಾಗಿ ಕೂಡಿದುದನ್ನು ಕಾಣಬೇಕಾದರೆ ಜಾನ್ ವುಡನ್‌ರತ್ತ ನೋಡಬೇಕು. 1910ರಲ್ಲಿ ಇಂಡಿಯಾನಾ ಪ್ರಾಂತದಲ್ಲಿ ಹುಟ್ಟಿ ಹೊಲದ ಕೆಲಸದ ನಡುವೆ ಬೆಳೆದವರು ಅವರು. ತರಬೇತುದಾರನಾದ ಮೊದಲ ವರ್ಷ ಅವರ ಶಾಲಾ ತಂಡ ಗೆದ್ದುದಕ್ಕಿಂತ ಸೋತುದೇ ಹೆಚ್ಚು. 1948ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದ ಮೇಲೂ ಮೊದಲ ರಾಷ್ಟ್ರಪ್ರಶಸ್ತಿ ಬಂದುದು 1964ರಲ್ಲಿ, ಅಂದರೆ ಹದಿನಾರನೆಯ ವರ್ಷದಲ್ಲಿ. ಆ ನಡುವೆ, 1960ರಲ್ಲಿ, ಅವರು ತಮ್ಮ ಹಳೆಯ ಅಭ್ಯಾಸದ ಟಿಪ್ಪಣಿಗಳನ್ನು ತೆರೆದು ತಪ್ಪು ಎಲ್ಲಿದೆಯೆಂದು ಹುಡುಕಿದರು. ತಪ್ಪನ್ನು ಹುಡುಗರಲ್ಲಲ್ಲ, ತಮ್ಮಲ್ಲಿಯೇ ಹುಡುಕಿದರು ಎಂಬುದನ್ನು ಗಮನಿಸಿರಿ. ತಮ್ಮ ಅತಿಯಾದ ದುಡಿಮೆಯಿಂದ ಹುಡುಗರು ವರ್ಷಾಂತ್ಯದ ಪಂದ್ಯಗಳ ವೇಳೆಗೆ ಬಳಲುತ್ತಿದ್ದರೆಂದು ಕಂಡುಕೊಂಡು ಕ್ರಮವನ್ನು ತಿದ್ದಿದರು. ಮುಂದೆ ಹನ್ನೆರಡು ವರ್ಷಗಳಲ್ಲಿ ಹತ್ತು ರಾಷ್ಟ್ರಪ್ರಶಸ್ತಿಗಳು, ಸತತ 88 ಪಂದ್ಯಗಳಲ್ಲಿ ಜಯ!

ಇಂಥವರು ವರ್ಷದ ಮೊದಲ ದಿನ ಏನು ಕಲಿಸುತ್ತಿದ್ದರೆಂದು ಕೇಳಿದರೆ ನಿಮಗೆ ನಗು ಬಂದೀತು. ಕಾಲುಚೀಲ ಹಾಕಿಕೊಳ್ಳುವುದು ಹೇಗೆ, ಷೂ ಲಾಡಿ ಬಿಗಿಯುವುದು ಹೇಗೆ ಎಂಬುದನ್ನು! ಚೀಲದಲ್ಲಿ ಒಂದು ಸುಕ್ಕು ಉಳಿದರೂ ಕಾಲಿಗೆ ಬೊಕ್ಕೆ, ಬೊಕ್ಕೆಯಾದರೆ ಅಭ್ಯಾಸವಿಲ್ಲ, ಅಭ್ಯಾಸವಿಲ್ಲದಿದ್ದರೆ ಆಟವಿಲ್ಲ. ದೇಶದ ಮೇಲ್ಮಟ್ಟದ ಆಟಗಾರರೂ ನೆಲದ ಮೇಲೆ ಕುಳಿತು ಈ ಪಾಠ ಕಲಿಯಬೇಕಿತ್ತು. ಎರಡು ಗಂಟೆಯ ಅಭ್ಯಾಸಕ್ಕೆ ಅವರು ಬೆಳಿಗ್ಗೆ ಎರಡು ಗಂಟೆ ಕುಳಿತು ಸಿದ್ಧತೆ ಮಾಡುತ್ತಿದ್ದರು. ನಿಮಿಷ ನಿಮಿಷದ ಕೆಲಸವನ್ನು ಚಿಕ್ಕ ಕಾರ್ಡುಗಳ ಮೇಲೆ ಬರೆದಿಡುತ್ತಿದ್ದರು.

ಅವರ ಕೊನೆಯ ವರ್ಷವಾದ 1974–75ರಲ್ಲಿ ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಹದಿನೈದು ದಿನಗಳ ಅಭ್ಯಾಸವನ್ನು ಕುಳಿತು ನೋಡಿ, ಅವರು ಆಟಗಾರರೊಡನೆ ಆಡಿದ ಮಾತು, ಮಾಡಿದ ಸನ್ನೆ ಎಲ್ಲವನ್ನೂ ಲೆಕ್ಕವಿಟ್ಟರು. ಲೆಕ್ಕಕ್ಕೆ ಸಿಕ್ಕಿದವು 2,326. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು, ಏನನ್ನು ಹೇಗೆ ಮಾಡಬೇಕೆಂಬ ನೇರವಾದ ಪಾಠ. ಹೊಗಳಿಕೆ ನೂರಕ್ಕೆ ಏಳರಷ್ಟು ಮಾತ್ರ. ಅಸಮಾಧಾನವೂ ಹೆಚ್ಚುಕಡಿಮೆ ಅಷ್ಟೇ. ತಪ್ಪು ಮಾಡಿದವನಿಗೆ ಮೊದಲು ಸರಿಯಾದ ರೀತಿ, ಅನಂತರ ಅವನು ಮಾಡಿದ ರೀತಿ, ಮತ್ತೊಮ್ಮೆ ಸರಿಯಾದ ರೀತಿ, ಇಷ್ಟನ್ನು ಕೆಲವೇ ಕ್ಷಣಗಳಲ್ಲಿ ತೋರಿಸಿ ಮುಂದೆ ಸಾಗುತ್ತಿದ್ದರು. ಹೊಗಳಿ ಅಟ್ಟಕ್ಕೇರಿಸಿದರೆ ಮಕ್ಕಳು ಕಲಿಯುತ್ತಾರೆಂದು ಕೆಲವರು, ಬೈದರೇ ಕಲಿಯುತ್ತಾರೆಂದು ಕೆಲವರು ವಾದಿಸುವುದುಂಟು. ಅವನಿಗೆ ದಾರಿಯನ್ನು ತೋರಿಸುವುದೇ ಮೊದಲ ಕೆಲಸವೆಂದು ಈ ಲೆಕ್ಕ ಹೇಳುತ್ತದೆ.

ಮೂರನೆಯ ಮೂಲ ನಂಬಿಕೆ. ವುಡನ್ ಇಂಗ್ಲಿಷ್ ಉಪಾಧ್ಯಾಯರಾಗಿದ್ದಾಗ, ಕೈಲಾದಷ್ಟು ಓದಿದ ಮಗುವನ್ನೂ ಅಂಕ ಕಡಮೆಯೆಂದು ಹಳಿಯುವ ಪಾಲಕರನ್ನು ಕಂಡು ನೊಂದರು. ತನ್ನಿಂದ ಆಗಬಹುದಾದುದನ್ನೆಲ್ಲ ಮಾಡಿದೆನೆಂಬ ಮನಶ್ಶಾಂತಿಯೇ ಯಶಸ್ಸು ಎಂದು 1934ರಲ್ಲಿ ತಮಗೆ ತಾವೇ ಅರ್ಥ ಬರೆದುಕೊಂಡರು. ಈ ನಂಬಿಕೆಗೆ ಪರೀಕ್ಷೆ ಒದಗಿದ್ದು 1947ರಲ್ಲಿ. ಆಗ ಅವರು ಇಂಡಿಯಾನಾದ ಶಿಕ್ಷಕರ ಕಾಲೇಜೊಂದರಲ್ಲಿದ್ದರು. ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯ ಆಹ್ವಾನ ಬಂತು. ಆದರೆ ಅಲ್ಲಿ ಕರಿಯರು ಆಡುವಂತಿಲ್ಲ. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಒಬ್ಬ ಕರಿಯ ಹುಡುಗನಿದ್ದ. ಅವನನ್ನು ಬಿಟ್ಟು ಬರಲಾರೆವೆಂದು ವುಡನ್ ಆಹ್ವಾನವನ್ನೇ ನಿರಾಕರಿಸಿದರು. ಮರುವರ್ಷ ಆ ನಿಷೇಧ ತೆಗೆಯಲ್ಪಟ್ಟಿತು, ವಾಕರ್ ಆಡಿದ. ಪ್ರಶಸ್ತಿಗಿಂತ ಮನುಷ್ಯ ದೊಡ್ಡವನೆಂಬುದನ್ನು ತಂಡದ ಹುಡುಗರು ಭಾಷಣದಿಂದ ಕಲಿಯಲಿಲ್ಲ, ಗುರುವಿನ ನಡತೆಯಿಂದ ಕಲಿತರು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಈ ಧಾಟಿ ಎಳೆಯರ ಮೇಲೆ ಎಂಥ ಪರಿಣಾಮ ಮಾಡುತ್ತದೆ? ನಮಗೆ ಕಹಿಯಾದರೂ ಹೇಳಲೇಬೇಕಾದ ಒಂದು ಸಂಗತಿ ಇದೆ, ಏಕೆಂದರೆ ಇದು ನಮ್ಮದೇ ಕಥೋಲಿಕ ಶಾಲೆಯೊಂದರಲ್ಲಿ ನಡೆದುದು. ನ್ಯೂಯಾರ್ಕ್ ನಗರದಲ್ಲಿ ಕ್ರಿಶ್ಚಿಯನ್ ಬ್ರದರ್ಸ್ ಸಭೆಯವರು ನಡೆಸುತ್ತಿದ್ದ ಪವರ್ ಮೆಮೋರಿಯಲ್ ಎಂಬ ಪ್ರೌಢಶಾಲೆಯಿತ್ತು. ಅಲ್ಲಿ ಲೂ ಅಲ್ಸಿಂಡರ್ ಎಂಬ ಎತ್ತರದ ಕರಿಯ ಹುಡುಗ ಓದುತ್ತಿದ್ದ. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಜಗತ್ಪ್ರಸಿದ್ಧನಾದವನು ಇವನೇ. ತರಬೇತುದಾರ ಜ್ಯಾಕ್ ಡೊನೊಹ್ಯೂ ಅವನನ್ನು ಮಗನಂತೆ ನೋಡಿಕೊಂಡರು, ಆಟವನ್ನು ಚೆನ್ನಾಗಿ ಕಲಿಸಿದರು; ತಂಡ ಸತತ 71 ಪಂದ್ಯಗಳನ್ನು ಗೆದ್ದಿತು. ಹೀಗಿರಲು ಒಂದು ದಿನ ಪಂದ್ಯದ ವಿರಾಮದಲ್ಲಿ, ಆಟ ಸಪ್ಪೆಯಾಗಿದೆಯೆಂದು ಸಿಟ್ಟಾಗಿ, ಕರಿಯರನ್ನು ಹೀನೈಸುವ ಬೈಗುಳವನ್ನು ಆ ಹುಡುಗನಿಗೆ ಬಳಸಿದರು. ಹುರಿದುಂಬಿಸಲೆಂದೇ ಹಾಗೆಂದೆ ಎಂಬುದು ಅವರ ಸಮಜಾಯಿಷಿ. ತಂಡವೇನೋ ಗೆದ್ದಿತು. ಆದರೆ ಹುಡುಗನಲ್ಲಿ ಏನೋ ಮುರಿಯಿತು. ಸುಮಾರು ಇಪ್ಪತ್ತು ವರ್ಷಗಳ ಬಳಿಕ, 1983ರಲ್ಲಿ, ಆತ ತನ್ನ ಆತ್ಮಕಥೆ ಬರೆದಾಗ ಆ ಗಾಯ ಇನ್ನೂ ಹಸಿಯಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನೂರು ಸಂಜೆಗಳ ಪ್ರೀತಿಯನ್ನು ಒಂದು ಮಾತು ಮುಚ್ಚಿಬಿಟ್ಟಿತು.

ಅದೇ ಹುಡುಗ ಅನಂತರ ವುಡನ್‌ರ ಶಿಷ್ಯನಾದ. ಅವರು ತೀರಿಕೊಳ್ಳುವವರೆಗೆ, ಅಂದರೆ 2010ರವರೆಗೆ, ಆ ಗುರುಶಿಷ್ಯರ ಸ್ನೇಹ ಉಳಿಯಿತು. 2017ರಲ್ಲಿ ಆತ ಆ ಸ್ನೇಹವನ್ನು ಕುರಿತೇ ಒಂದು ಪುಸ್ತಕ ಬರೆದ. ಒಬ್ಬನೇ ಹುಡುಗ, ಇಬ್ಬರು ತರಬೇತುದಾರರು, ಎರಡು ಬಗೆಯ ನೆನಪುಗಳು!

ಪವರ್ ಮೆಮೋರಿಯಲ್ ತಂಡದ ಆ 71 ಪಂದ್ಯಗಳ ಜೈತ್ರಯಾತ್ರೆಯನ್ನು 1965ರ ಜನವರಿಯಲ್ಲಿ ತಡೆದುದು ಮತ್ತೊಂದು ಕಥೋಲಿಕ ಶಾಲೆ, ಮೇರಿಲ್ಯಾಂಡ್ ಪ್ರಾಂತದ ಡಿಮ್ಯಾಥಾ. ಅಲ್ಲಿನ ತರಬೇತುದಾರ ಮಾರ್ಗನ್ ವೂಟನ್ ಅಲ್ಸಿಂಡರನ ಎತ್ತರಕ್ಕೆ ತಮ್ಮ ಹುಡುಗರನ್ನು ಒಗ್ಗಿಸಲು, ಅಭ್ಯಾಸದಲ್ಲಿ ಎದುರು ನಿಂತವರ ಕೈಗೆ ಟೆನ್ನಿಸ್ ಬ್ಯಾಟು ಕೊಟ್ಟು ಮೇಲೆತ್ತಿಸಿದರು. ಅದು ಅವರ ಜಾಣ್ಮೆ. ಆದರೆ ನಾವು ಅವರನ್ನು ನೆನೆಯುವುದು ಇನ್ನೊಂದು ಕಾರಣಕ್ಕೆ. ಚರಿತ್ರೆಯ ಪಾಠವನ್ನೂ ಹೇಳುತ್ತಿದ್ದ ಅವರು 1956ರಿಂದ 2002ರವರೆಗೆ ಒಂದೇ ಪ್ರೌಢಶಾಲೆಯಲ್ಲಿ ಉಳಿದರು. ವಿಶ್ವವಿದ್ಯಾಲಯದಿಂದ ಕರೆ ಬಂದರೂ ಹೋಗಲಿಲ್ಲ. ದೇವರು, ಕುಟುಂಬ, ವಿದ್ಯೆ, ಅನಂತರವೇ ಆಟ ಎಂಬ ಕ್ರಮವನ್ನು ಹುಡುಗರಿಗೆ ಕಲಿಸಿದರು. ಆಟವನ್ನು ನಾಲ್ಕನೆಯ ಸ್ಥಾನದಲ್ಲಿರಿಸಿದ ಈ ಮಹನೀಯರು ಗೆದ್ದ ಪಂದ್ಯಗಳು 1,274.

ನಮ್ಮ ಹೆಣ್ಣುಮಕ್ಕಳ ಸಲುವಾಗಿಯೂ ಒಂದು ಮಾತು. ಫಿಲಡೆಲ್ಫಿಯಾ ನಗರದ ಬಳಿ ಧರ್ಮಭಗಿನಿಯರು ನಡೆಸುವ ಇಮ್ಯಾಕುಲೇಟಾ ಎಂಬ ಚಿಕ್ಕ ಮಹಿಳಾ ಕಾಲೇಜಿತ್ತು. 1967ರಲ್ಲಿ ಅದರ ಆಟದ ಸಭಾಂಗಣ ಸುಟ್ಟುಹೋಗಿತ್ತು. 1970ರಲ್ಲಿ ಕ್ಯಾಥಿ ರಷ್ ಎಂಬ ತರುಣಿ 450 ಡಾಲರುಗಳ ಸಂಬಳಕ್ಕೆ ತರಬೇತುದಾರಳಾಗಿ ಬಂದಳು. 1972ರ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಲು ಹಣ ಸಾಲದೆ ಹಲ್ಲುಜ್ಜುವ ಬ್ರಷ್ ಮಾರಿ ಕೂಡಿಸಿದರು, ಆಗಲೂ ಎಂಟು ಮಂದಿ ಆಟಗಾರ್ತಿಯರು ಮಾತ್ರ ಹೋಗಲು ಸಾಧ್ಯವಾಯಿತು. ಅವರು ಗೆದ್ದು ಬಂದರು. 1973, 1974ರಲ್ಲಿಯೂ ಗೆದ್ದರು. ಕಾಲೇಜಿನ ಪಂದ್ಯಗಳಲ್ಲಿ ಧರ್ಮಭಗಿನಿಯರು ಬಕೆಟುಗಳನ್ನು ಬಡಿಯುತ್ತಾ ಹುರಿದುಂಬಿಸುತ್ತಿದ್ದರಂತೆ! ನಮಗೆ ಹೆಚ್ಚು ಮುಖ್ಯವಾಗಿ ತೋರುವುದು ಮುಂದಿನ ಮಾತು. ಆ ತಂಡದ ಹುಡುಗಿಯರು ತಾವೇ ತರಬೇತುದಾರರಾದರು. ತೆರೇಸಾ ಗ್ರೆಂಟ್ಜ್ 1992ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳಾ ತಂಡವನ್ನು ನಡೆಸಿದರು. ಮೇರಿಯನ್ ಸ್ಟ್ಯಾನ್ಲಿ ಮತ್ತೊಂದು ವಿಶ್ವವಿದ್ಯಾಲಯಕ್ಕೆ ಮೂರು ರಾಷ್ಟ್ರಪ್ರಶಸ್ತಿಗಳನ್ನು ತಂದರು. ಒಂದು ದೀಪದಿಂದ ಮತ್ತೊಂದು ದೀಪ ಹೊತ್ತಿಕೊಂಡ ಬಗೆ ಇದು.

ಬಂಧುಗಳೇ, ಇನ್ನು ನಮ್ಮ ಕಡೆಗೆ ತಿರುಗೋಣ. ನಮ್ಮ ಬಯಲಿನಲ್ಲಿ ಸೀಟಿ ಹಿಡಿದು ನಿಲ್ಲುವ ಶಿಕ್ಷಕರಲ್ಲಿ, ಸಂಜೆ ಬಿಡುವಿನಲ್ಲಿ ಮಕ್ಕಳಿಗೆ ಆಟ ಕಲಿಸುವ ತರುಣರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ಗುರುಗಳು ನಿಮಗೆ ಆಡಿದ ಮಾತುಗಳನ್ನೆಲ್ಲ ನೆನೆದುಕೊಳ್ಳಿರಿ. ನಿಮ್ಮನ್ನು ಎತ್ತಿ ನಿಲ್ಲಿಸಿದವು ಯಾವುವು, ನಿಮ್ಮನ್ನು ಕುಗ್ಗಿಸಿದವು ಯಾವುವು ಎಂದು ವಿಂಗಡಿಸಿರಿ. ಮೊದಲಿನವನ್ನು ಮಕ್ಕಳಿಗೆ ದಾಟಿಸಿರಿ. ಎರಡನೆಯವು ನಿಮ್ಮಲ್ಲಿಯೇ ಕೊನೆಗಾಣಲಿ. ತಪ್ಪನ್ನು ತಿದ್ದುವಾಗ ಆಟವನ್ನು ತಿದ್ದಿರಿ. ಮಗುವಿನ ಜಾತಿ, ಬಣ್ಣ, ಮೈಕಟ್ಟು, ಮನೆತನಗಳನ್ನು ಎಳೆಯಬೇಡಿರಿ.

ಪಾಲಕರಲ್ಲಿ ನಾವೂ ಒಬ್ಬರು, ಆದ್ದರಿಂದ ಈ ಮಾತು ನಮಗೂ ಸೇರಿದ್ದು. ಪಂದ್ಯ ನಡೆಯುವಾಗ ಗೆರೆಯಾಚೆ ನಿಂತು ರೆಫರಿಯನ್ನು ಬೈದವರು, ಸೋತ ಮಗನನ್ನು ಮನೆಯವರೆಗೆ ಮಾತನಾಡಿಸದೆ ಕರೆತಂದವರು ನಾವು. ಮಗು ಅದನ್ನೂ ಕಲಿಯುತ್ತದೆ. ಇಂದು ಎಷ್ಟು ಅಂಕ ಹೊಡೆದೆ ಎಂದು ಕೇಳುವ ಬದಲು, ಇಂದು ಯಾರಿಗೆ ಚೆಂಡು ಕೊಟ್ಟೆ ಎಂದು ಒಮ್ಮೆ ಕೇಳಿ ನೋಡೋಣ.

ಮೊದಲು ಹೇಳಿದ ಡೀನ್ ಸ್ಮಿತ್ 2015ರಲ್ಲಿ ತೀರಿಕೊಂಡರು. ಕೆಲವು ವಾರಗಳ ಬಳಿಕ ಅವರ ಹಳೆಯ ಆಟಗಾರರ ಮನೆಗಳಿಗೆ ಒಂದೊಂದು ಲಕೋಟೆ ಬಂತು. ಒಳಗೆ ಇನ್ನೂರು ಡಾಲರುಗಳ ಚೆಕ್. ಹೊರಗೆ ಎಲ್ಲಿಯಾದರೂ ಒಂದು ಒಳ್ಳೆಯ ಊಟ ಮಾಡಿರೆಂದು ಅವರು ತಮ್ಮ ಉಯಿಲಿನಲ್ಲಿ ಬರೆದಿಟ್ಟಿದ್ದರು. ಜಗದ್ವಿಖ್ಯಾತನಾದ ಮೈಕೆಲ್ ಜೋರ್ಡನ್‌ಗೂ ಅಷ್ಟೇ, ಹೆಸರಿಲ್ಲದೆ ಬೆಂಚಿನ ಮೇಲೆ ಕುಳಿತವನಿಗೂ ಅಷ್ಟೇ. ಗುರುವಿನ ಲೆಕ್ಕದಲ್ಲಿ ಇಬ್ಬರೂ ಸಮಾನರು.

ನಮ್ಮ ಆ ಓರಗೆಯವನನ್ನು ಈ ವರ್ಷದ ಹಬ್ಬದ ದಿನ ಮತ್ತೆ ಕಂಡೆವು. ತಲೆ ನರೆತಿದೆ, ಮೊಮ್ಮಗಳ ಕೈಹಿಡಿದು ಬಂದಿದ್ದ. ನಮ್ಮಲ್ಲೊಬ್ಬರು ಸಲಿಗೆಯಿಂದ ಆ ಹಳೆಯ ಹೆಸರನ್ನೇ ಕೂಗಿದರು. ಅವನು ನಕ್ಕ, ಆದರೆ ಆ ಮೊಮ್ಮಗಳು ತಾತನ ಮುಖವನ್ನು ನೋಡಿದ ನೋಟವನ್ನು ನಾವು ಮರೆಯಲಾರೆವು. ಅಂದು ನಕ್ಕವರಲ್ಲಿ ನಾವೂ ಇದ್ದೆವು, ಇಂದು ಅವನ ಕ್ಷಮೆ ಕೇಳಿದೆವು. ಅವನ ಮೊಮ್ಮಗಳು ಈಗ ನಮ್ಮ ಬಯಲಿನಲ್ಲಿ ಆಡಲು ಬರುತ್ತಾಳೆ. ಅವಳನ್ನು ಅವಳ ಹೆಸರಿನಿಂದಲೇ ಕರೆಯೋಣ.